ಕೆಚ್ಚಲಿಗಿರುವ ಮರ್ಯಾದೆ

ನಮ್ಮ ಸೀಮೆಯಲ್ಲಿ ಹಸುವಿನ ಕೆಚ್ಚಲಿನ ವಿಷಯ ಮಾತಾಡಲು ಯಾರಿಗೂ ನಾಚಿಕೆಯಿಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪ, ಅಲ್ಲಿಂದ ಆನವಟ್ಟಿ, ಸೊರಬ, ಈ ದಾರಿಯ ಯಾವ ಊರಿನ ಹಾಲಿನ ಸೊಸೈಟಿಯ ಮುಂದೆ ಬೇಕಾದರೂ ಬೆಳಿಗ್ಗೆ ಹೊತ್ತು ನಿಂತು ಕೇಳಿ. "ಬಲಗಡೆ ಹಿಂದಿನ ಮೊಲೆ ಗಟ್ಟಿಯಾಗಿದೆ", "ಹಾಲಿನಲ್ಲಿ ಎಳೆ ಎಳೆ ಬರ್ತಿದೆ", "ನಿನ್ನೆಯಿಂದ ಮುಟ್ಟಿಸಿಕೊಳ್ತಿಲ್ಲ, ಒದೀತದೆ". ಗಂಡಸರು, ಹೆಂಗಸರು, ಸೊಸೈಟಿಯ ಕಾರ್ಯದರ್ಶಿ, ಇಂಜೆಕ್ಷನ್ ಕೊಡಲು ಬಂದ ಹುಡುಗ, ಎಲ್ಲರೂ ಸೇರಿ ಒಂದು ಪ್ರಾಣಿಯ ಮೊಲೆಯ ಕುರಿತು ಬೀದಿಯಲ್ಲೇ ವಿಚಾರ ಸಂಕಿರಣ ನಡೆಸುತ್ತಾರೆ. ಮಧ್ಯಾಹ್ನದೊಳಗೆ ಪಶುವೈದ್ಯರಿಗೆ ಫೋನು ಹೋಗಿರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ಹೀಗೇ ಆಗಬೇಕು. ನನ್ನ ತಕರಾರು ಇರುವುದು ಬೇರೆ ಕಡೆ. ಹಾಲು ಹಿಂಡಿ, ಕ್ಯಾನು ಹೊತ್ತು ತಂದ ಆ ಹೆಂಗಸಿನ ರವಿಕೆಯೊಳಗೆ ಅಂಥದೇ ಒಂದು ಗಟ್ಟಿ ಗಂಟು ಕೂತಿದ್ದರೆ ಅದರ ಸುದ್ದಿ ಎಷ್ಟು ತಿಂಗಳಿಗೆ ಹೊರಗೆ ಬರುತ್ತದೆ?

ಇದು ಅಂದಾಜಿನ ಪ್ರಶ್ನೆಯಲ್ಲ. ನನ್ನ ದೊಡ್ಡಪ್ಪನ ಮಗಳೊಬ್ಬಳನ್ನು ಸೊರಬದ ಕಡೆಗೆ ಕೊಟ್ಟಿತ್ತು. ಹಸುಗಳ ವಿಷಯದಲ್ಲಿ ಅಕ್ಕನ ಕೈಗೆ ಕಣ್ಣಿತ್ತು. ಬಾವು ಹೊರಗೆ ಕಾಣುವ ಮುಂಚೆಯೇ, ಕೆಚ್ಚಲು ತೊಳೆಯುವಾಗ ತಗುಲಿದ ಬಿಸಿಯಿಂದಲೇ, "ಇದಕ್ಕೆ ಏನೋ ಆಗ್ತಿದೆ ನೋಡ್ರಿ" ಎನ್ನುತ್ತಿದ್ದಳು. ಅಕ್ಕಪಕ್ಕದವರು ಹಸು ಕೊಳ್ಳಲು ಹೋಗುವಾಗ ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅಂಥವಳ ಕೈಗೆ ಒಂದು ದಿನ ಸ್ನಾನ ಮಾಡುವಾಗ ತನ್ನದೇ ಎಡಮೊಲೆಯ ಹೊರಬದಿಯಲ್ಲಿ ಅಡಿಕೆಯಷ್ಟು ಗಾತ್ರದ ಗಂಟು ಸಿಕ್ಕಿತು. ನೋವಿರಲಿಲ್ಲ. ಯಾರಿಗೂ ಹೇಳಲಿಲ್ಲ. ಆರೇಳು ತಿಂಗಳ ಮೇಲೆ ಗಂಡನ ಹತ್ತಿರ "ಎದೇಲಿ ಒಂಥರಾ ಆಗ್ತದೆ" ಎಂದಳು. ಅವರು ಪಾಪ, ಮರುದಿನವೇ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಗಂಡ, ಮೈದುನ, ಕಾಂಪೌಂಡರು ಎಲ್ಲ ನಿಂತಿದ್ದಾಗ ಅವಳ ಬಾಯಿಂದ ಮತ್ತೆ ಹೊರಟದ್ದು "ಎದೆ" ಎಂಬ ಮಾತೇ. ಇಸಿಜಿ ತೆಗೆದರು. ಚೆನ್ನಾಗಿತ್ತು. ಗ್ಯಾಸು ಎಂದು ಗುಳಿಗೆ ಬರೆದುಕೊಟ್ಟರು. ಇಸಿಜಿಯ ಬಟನ್ನು ಅಂಟಿಸಿದ ಜಾಗಕ್ಕೂ ಆ ಗಂಟಿಗೂ ನಾಲ್ಕು ಬೆರಳು ಅಂತರವಿದ್ದರೆ ಹೆಚ್ಚು. ಆಮೇಲೆ ಕಂಕುಳಲ್ಲಿ ಇನ್ನೊಂದು ಗಂಟು ಎದ್ದು ದೊಡ್ಡ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಒಂದು ಮಳೆಗಾಲ ಕಳೆದು ಇನ್ನೊಂದು ಬಂದಿತ್ತು. 2014ರಲ್ಲಿ ಹೋದಳು. ಆ ಎರಡು ವರ್ಷಗಳಲ್ಲಿ ಅವಳ ಕೊಟ್ಟಿಗೆಯ ಎಚ್‌ಎಫ್ ಹಸುವಿಗೆ ಎರಡು ಸಲ ಕೆಚ್ಚಲು ಬಾವು ಬಂದು ಎರಡು ಸಲವೂ ವಾಸಿಯಾಗಿತ್ತು.

ಅವಳನ್ನು ಕೊಂದದ್ದು ರೋಗ, ನಿಜ. ಆದರೆ ಅದಕ್ಕೆ ಒಂದು ವರ್ಷದ ವಾಯಿದೆ ಕೊಟ್ಟದ್ದು ಒಂದು ಶಬ್ದ, ಅಥವಾ ಆ ಶಬ್ದವನ್ನು ಆಡಲಾಗದ ನಾಲಿಗೆ. ಹಸುವಿಗಾದರೆ ಮೊಲೆ, ಹೆಂಗಸಿಗಾದರೆ ಎದೆ. ಒಂದು ಮೊಲೆ ಬತ್ತಿಹೋದ ಹಸುವನ್ನು "ಮೂರು ಮೊಲೆ ಹಸು" ಎಂದು ಸಂತೆಯಲ್ಲಿ ಕೂಗಿ ಹೇಳಿ ಬೆಲೆ ಇಳಿಸುವ ನಾವು, ಹೆಂಗಸಿನ ದೇಹದ ಅದೇ ಅಂಗವನ್ನು ಶ್ವಾಸಕೋಶ, ಹೃದಯ, ಪಕ್ಕೆಲುಬುಗಳ ಜೊತೆ ಸೇರಿಸಿ ಒಂದೇ ಚೀಲಕ್ಕೆ ತುಂಬಿ "ಎದೆ" ಎಂದು ಬಾಯಿ ಕಟ್ಟಿಬಿಟ್ಟಿದ್ದೇವೆ. ವೈದ್ಯರಾದರೂ ಏನು ಮಾಡಿಯಾರು ಎನ್ನಬೇಡಿ. ಎದೆ ಎಂದ ಹೆಂಗಸಿಗೆ "ಯಾವ ಜಾಗ, ಒಳಗೋ ಹೊರಗೋ, ಗಂಟೇನಾದರೂ ಇದೆಯೇ" ಎಂದು ಕೇಳಲು, ಜೊತೆಗೆ ಬಂದ ಗಂಡಸರನ್ನು ಎರಡು ನಿಮಿಷ ಹೊರಗೆ ಕಳಿಸಲು, ಡಿಗ್ರಿ ಬೇಕಿಲ್ಲ.

ಇದೆಲ್ಲ ನಮ್ಮ ಸಂಸ್ಕೃತಿಯ ಸಂಕೋಚ ಎಂದು ಹೇಳುವವರಿದ್ದಾರೆ. ನಾನು ಶಿಕಾರಿಪುರ ತಾಲ್ಲೂಕಿನವಳು, ನನ್ನ ಹತ್ತಿರ ಈ ಮಾತು ನಡೆಯುವುದಿಲ್ಲ. ಬಟ್ಟೆಯ ಹಂಗನ್ನೇ ತೊರೆದಳೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಅಕ್ಕಮಹಾದೇವಿ ನಮ್ಮ ಉಡುತಡಿಯವಳು. ಪ್ರತಿ ವರ್ಷ ಮಕ್ಕಳನ್ನು ಬಳ್ಳಿಗಾವಿಯ ಗುಡಿಗಳಿಗೆ ಪ್ರವಾಸ ಕರೆದೊಯ್ಯುತ್ತೇವೆ. ಅಲ್ಲಿನ ಕಲ್ಲಿನ ಹೆಣ್ಣುಗಳ ಮೈಮಾಟವನ್ನು ಗೈಡು ಎಷ್ಟು ವಿಸ್ತಾರವಾಗಿ ವರ್ಣಿಸುತ್ತಾನೆಂದರೆ ನಾನೇ "ಸಾಕಪ್ಪ, ಮುಂದೆ ನಡಿ" ಎನ್ನಬೇಕಾಗುತ್ತದೆ. ಹಳಗನ್ನಡ ಕಾವ್ಯ ಪಾಠ ಮಾಡುವಾಗ ಕಲಶಕ್ಕೋ ಕಮಲದ ಮೊಗ್ಗಿಗೋ ಹೋಲಿಸಿದ ಪದ್ಯ ಬಂದರೆ ಪಂಡಿತರು ಅಲಂಕಾರ ಯಾವುದೆಂದು ಕೇಳುತ್ತಾರೆಯೇ ಹೊರತು ಅಸಭ್ಯ ಎನ್ನುವುದಿಲ್ಲ. ಇನ್ನು ಸೊರಬ ತಾಲ್ಲೂಕಿನ ಚಂದ್ರಗುತ್ತಿ. ಅಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರ ಮಾರ್ಚಿಯಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಜನ ಬಿದ್ದು ದೊಡ್ಡ ಗಲಾಟೆಯಾಗಿ, ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧವಾದದ್ದು ಒಳ್ಳೆಯದೇ. ಆದರೆ ಪರವಾಗಿ ಕೂಗಿದವರಾಗಲಿ ವಿರೋಧವಾಗಿ ಕೂಗಿದವರಾಗಲಿ, ಆ ದೇಹಕ್ಕೆ ರೋಗವೂ ಬರುತ್ತದೆ, ಅದನ್ನು ಯಾರಾದರೂ ನೋಡಬೇಕು ಎಂದದ್ದು ನನಗೆ ನೆನಪಿಲ್ಲ. ಶಿಲ್ಪಕ್ಕಾಗುತ್ತದೆ, ಪದ್ಯಕ್ಕಾಗುತ್ತದೆ, ಹರಕೆಗೂ ಗಲಾಟೆಗೂ ಆಗುತ್ತದೆ. ದವಾಖಾನೆಗೆ ಮಾತ್ರ ಆಗುವುದಿಲ್ಲ ಎಂದರೆ ಅದು ಸಂಕೋಚ ಹೇಗಾದೀತು?

ನಮ್ಮ ವೃತ್ತಿಯವರನ್ನೂ ಬಿಡಬಾರದು. ಪ್ರಾಣಿಗಳ ವರ್ಗೀಕರಣದ ಪಾಠದಲ್ಲಿ "ಸಸ್ತನಿ" ಎಂಬ ಮಾತು ಬರುತ್ತದೆ. ಸ್ತನವುಳ್ಳದ್ದು ಎಂದರ್ಥ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ತಿಮಿಂಗಿಲದಿಂದ ಬಾವಲಿಯವರೆಗೆ, ಆನೆಯಿಂದ ಮನುಷ್ಯನವರೆಗೆ ಇಡೀ ವರ್ಗಕ್ಕೆ ಈ ಒಂದು ಅಂಗದ ಹೆಸರನ್ನೇ ಇಟ್ಟ. ಕೂದಲಿನ ಹೆಸರಿಡಬಹುದಿತ್ತು, ಬಿಸಿರಕ್ತದ ಹೆಸರಿಡಬಹುದಿತ್ತು. ಆತ ವೈದ್ಯನೂ ಹೌದು, ತಾಯಂದಿರು ಮಕ್ಕಳನ್ನು ದಾದಿಯರಿಗೆ ಒಪ್ಪಿಸದೆ ತಾವೇ ಹಾಲೂಡಬೇಕೆಂದು 1752ರಲ್ಲಿ ಪ್ರತ್ಯೇಕ ಪ್ರಬಂಧವನ್ನೇ ಹೊರಡಿಸಿದವನು. ಇಷ್ಟೆಲ್ಲ ಇರುವ ಶಬ್ದವನ್ನು ನಮ್ಮ ಎಷ್ಟೋ ಶಾಲೆಗಳಲ್ಲಿ "ಸಸ್ತನಿ ಎಂದರೆ ಮರಿ ಹಾಕುವ ಪ್ರಾಣಿ, ಬರೆದುಕೊಳ್ಳಿ" ಎಂದು ಮುಗಿಸುತ್ತಾರೆ. ಹದಿಹರೆಯದ ಪಾಠ ಬಂದರೆ "ಮನೆಯಲ್ಲಿ ಓದಿಕೊಳ್ಳಿ". ಮನೆಯಲ್ಲಿ ಯಾರು ಹೇಳುತ್ತಾರೆ? ಆ ಹುಡುಗಿಯ ತಾಯಿಗೂ ಮೂವತ್ತು ವರ್ಷದ ಹಿಂದೆ ಇದನ್ನೇ ಹೇಳಿ ಕಳಿಸಿದ್ದರು. ನಾನು ಬೋರ್ಡಿನ ಮೇಲೆ ಬಿಡಿಸಿ ಬರೆದು ಪಾಠ ಮಾಡುತ್ತೇನೆ. ಮೊದಲ ದಿನ ಹಿಂದಿನ ಬೆಂಚಿನಲ್ಲಿ ಕಿಸಕ್ ಎನ್ನುತ್ತಾರೆ, ಎರಡನೆಯ ದಿನ ಪ್ರಶ್ನೆ ಕೇಳುತ್ತಾರೆ. ನಾಚಿಕೆ ಮಕ್ಕಳದಲ್ಲ, ಸ್ಟಾಫ್ ರೂಮಿನದು.

ಹಾಗಾದರೆ ಹಸುವಿನ ವಿಷಯದಲ್ಲಿ ನಮ್ಮವರು ಎಷ್ಟು ಕಲಿತಿದ್ದಾರೆ ನೋಡಿ. ಮಲೆನಾಡು ಗಿಡ್ಡಗಳೇ ಕೊಟ್ಟಿಗೆ ತುಂಬ ಇದ್ದ ಕಾಲದಲ್ಲಿ ಕೆಚ್ಚಲು ಬಾವು ಅಷ್ಟಾಗಿ ಕಾಣುತ್ತಿರಲಿಲ್ಲ. ಒಂದೆರಡು ಲೀಟರು ಕೊಡುವ ಪುಟ್ಟ ಕೆಚ್ಚಲಿಗೆ ಭಾರವೂ ಇಲ್ಲ. ಎಚ್‌ಎಫ್, ಜರ್ಸಿ ಮಿಶ್ರತಳಿ ಬಂದು ಹಾಲು ಹೆಚ್ಚಿತು, ಜೊತೆಗೆ ಬಾವೂ ಬಂತು. ಆಗ ನಮ್ಮ ಹೆಂಗಸರು ಹೊಸದಾಗಿ ಪಾಠ ಕಲಿತರು. ಹಸುವಿನ ಕೆಚ್ಚಲು ಹೊರಗೆ ಒಂದೇ ಕಂಡರೂ ಒಳಗೆ ನಾಲ್ಕು ಬೇರೆ ಬೇರೆ ಕೋಣೆ. ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಒಂದಕ್ಕೆ ರೋಗ ಬಂದರೆ ಅದನ್ನು ಕೊನೆಗೆ ಹಿಂಡಬೇಕು, ಇಲ್ಲದಿದ್ದರೆ ಕೈಯೇ ರೋಗವನ್ನು ಉಳಿದ ಮೂರಕ್ಕೆ ಹೊತ್ತು ಹಾಕುತ್ತದೆ. ಹೆಬ್ಬೆರಳನ್ನು ಮಡಚಿ ಗೆಣ್ಣಿನಿಂದ ಒತ್ತಿ ಹಿಂಡಿದರೆ ಮೊಲೆಯ ಒಳಪದರ ಗಾಯವಾಗುತ್ತದೆ, ಇಡೀ ಅಂಗೈಯಲ್ಲಿ ಹಿಡಿದು ಹಿಂಡಬೇಕು. ಮೊದಲ ಒಂದೆರಡು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿದರೆ ಗರಣೆ ಇದ್ದರೆ ಕಾಣುತ್ತದೆ. ಹಿಂಡಿದ ಮೇಲೆ ಮೊಲೆಯ ತುದಿಯ ರಂಧ್ರ ಕೂಡಲೇ ಮುಚ್ಚಿಕೊಳ್ಳುವುದಿಲ್ಲ, ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಹಸು ಸಗಣಿಯ ಮೇಲೆ ಮಲಗದಂತೆ ಮುಂದೆ ಹುಲ್ಲು ಹಾಕಿ ನಿಲ್ಲಿಸಬೇಕು, ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಇವನ್ನು ನಾನು ಪುಸ್ತಕದಿಂದ ಬರೆದಿಲ್ಲ, ನನ್ನ ವಿದ್ಯಾರ್ಥಿಗಳ ತಾಯಂದಿರಿಂದ ಕೇಳಿ ಬರೆದಿದ್ದೇನೆ. ಕಣ್ಣಿಗೆ ಕಾಣದ ಬಾವೂ ಇರುತ್ತದೆಂದೂ ಅವರಿಗೆ ಗೊತ್ತು. ಹಸು ಚೆನ್ನಾಗಿಯೇ ಇರುತ್ತದೆ, ಹಾಲು ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಅದನ್ನು ಹಿಡಿಯಲು 1957ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಂದು ಸುಲಭದ ಪರೀಕ್ಷೆ ಕಂಡುಹಿಡಿದರು. ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲು ಹಾಕಿ ಒಂದು ದ್ರಾವಣ ಬೆರೆಸಿ ಅಲುಗಾಡಿಸಿದರೆ ರೋಗವಿರುವ ಹಾಲು ಲೋಳೆಯಾಗುತ್ತದೆ. ಅಷ್ಟೇ. ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಮದ್ದನ್ನು ಈಗ ರಾಷ್ಟ್ರೀಯ ಹೈನು ಮಂಡಳಿಯೇ ಊರೂರಿಗೆ ಹೇಳಿಕೊಡುತ್ತಿದೆ.

ಇಷ್ಟು ತಿಳಿದ ಜನ ಹೆಂಗಸಿನ ವಿಷಯಕ್ಕೆ ಬಂದಾಗ ಹಸುವಿನಿಂದ ಕಲಿತದ್ದನ್ನು ಬಿಟ್ಟು, ಕಲಿಯಬಾರದ್ದನ್ನು ಕಲಿಯುತ್ತಾರೆ. ಉದಾಹರಣೆಗೆ ಬಾಣಂತಿಯ ಮೊಲೆ ಬಾವು. ಹಾಲು ಕಟ್ಟಿಕೊಂಡು, ತೊಟ್ಟು ಒಡೆದು, ಕೆಂಪಾಗಿ ಜ್ವರ ಬರುತ್ತದೆ. ಕೂಡಲೇ ಅಜ್ಜಿಯರು "ಹಾಲು ಕೆಟ್ಟಿದೆ, ಮಗೂಗೆ ಕೊಡಬೇಡ" ಎನ್ನುತ್ತಾರೆ. ಬಾವು ಬಂದ ಹಸುವಿನ ಹಾಲನ್ನು ಸೊಸೈಟಿಗೆ ಹಾಕಬಾರದು ಎಂಬುದು ಸರಿಯೇ, ಅದರಲ್ಲಿ ರೋಗಾಣುವೂ ಔಷಧಿಯ ಅಂಶವೂ ಇರುತ್ತದೆ. ಬಾಣಂತಿಗೆ ಆ ಲೆಕ್ಕ ಹೊಂದುವುದಿಲ್ಲ. ಮಗುವಿಗೆ ಹಾಲು ಕೊಡುತ್ತಲೇ ಇರಬೇಕು, ಅದರಿಂದ ಮಗುವಿಗೆ ತೊಂದರೆಯಿಲ್ಲ, ಹಠಾತ್ತನೆ ನಿಲ್ಲಿಸಿದರೆ ಹಾಲು ಇನ್ನಷ್ಟು ಕಟ್ಟಿ ಕೀವು ತುಂಬಬಹುದು. ಒಂದೆರಡು ದಿನದಲ್ಲಿ ಇಳಿಯದಿದ್ದರೆ ವೈದ್ಯರು ಹಾಲೂಡಿಸುವವರಿಗೆ ಹೊಂದುವ ಔಷಧಿಯನ್ನೇ ಕೊಡುತ್ತಾರೆ.

ಗಿಣ್ಣಿನ ಕಥೆ ಇದಕ್ಕಿಂತ ಚೆಂದ. ಹಸು ಈದ ಮನೆಯ ಗಿಣ್ಣು ಊರಿಗೆಲ್ಲ ಹಂಚಿಕೆಯಾಗುತ್ತದೆ. ಕರುವಿಗೆ ಹುಟ್ಟಿದ ಕೆಲವೇ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಲೇಬೇಕು ಎಂದು ಈಗ ಎಲ್ಲರಿಗೂ ಗೊತ್ತು, ಇಲ್ಲದಿದ್ದರೆ ಕರು ಬದುಕುವುದು ಕಷ್ಟ. ಆದರೆ ಸೊಸೆ ಹೆತ್ತರೆ ಅವಳ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಮಗುವಿನ ಬಾಯಿಗೆ ಜೇನುತುಪ್ಪ, ಸಕ್ಕರೆ ನೀರು! ಆಸ್ಪತ್ರೆ ಹೆರಿಗೆ ಬಂದ ಮೇಲೆ ಕಡಿಮೆಯಾಗಿದೆ, ನಿಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಕ್ಕ ಮಕ್ಕಳು ನೂರಕ್ಕೆ ಸುಮಾರು 42. ಕರುಗಳ ಲೆಕ್ಕ ತೆಗೆದರೆ ಇದಕ್ಕಿಂತ ಮೇಲಿರುತ್ತದೆಂದು ನನ್ನ ಗುಮಾನಿ.

ಇನ್ನು ಗಂಟಿನ ವಿಷಯ. ಮೊದಲು ಒಂದು ಮಾತು ಸ್ಪಷ್ಟವಾಗಲಿ, ಮೊಲೆಯಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಎಳೆಯ ಹುಡುಗಿಯರಲ್ಲಿ ಜಾರುವಂಥ ಗೋಲಿಗಂಟು ಬರುತ್ತದೆ, ಮುಟ್ಟಿನ ಮುಂಚೆ ಕೆಲವರಿಗೆ ಗಂಟುಗಂಟಾಗಿ ನೋಯುತ್ತದೆ. ಆದರೆ ಯಾವುದು ಅಲ್ಲ ಎಂಬುದನ್ನು ಹೇಳಬೇಕಾದವರು ವೈದ್ಯರು, ಅತ್ತೆಯಲ್ಲ. ನೋವಿಲ್ಲದ ಗಟ್ಟಿ ಗಂಟು, ಚರ್ಮದಲ್ಲಿ ಗುಳಿ ಬೀಳುವುದು, ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಒಳಗೆ ಸೇದಿಕೊಳ್ಳುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಂಟು. ಇವುಗಳಲ್ಲಿ ಒಂದು ಕಂಡರೂ ಬಸ್ಸು ಹತ್ತಬೇಕು. ನಮ್ಮವರ ತಿಳಿವಳಿಕೆಯೇ ತಿರುಗುಮುರುಗು. "ನೋವಿಲ್ಲವಲ್ಲ, ಬಿಡು" ಎನ್ನುತ್ತಾರೆ. ಈ ರೋಗ ಶುರುವಿಗೆ ನೋಯುವುದೇ ಅಪರೂಪ.

"ಇದು ಪೇಟೆಯವರ ಕಾಯಿಲೆ" ಎಂಬ ಸಮಾಧಾನವೂ ಇದೆ. ಪೇಟೆಯಲ್ಲಿ ಹೆಚ್ಚು ಎಂಬುದು ನಿಜ. ಆದರೆ ಹಳ್ಳಿಯವರು ತಡವಾಗಿ ಬರುತ್ತಾರೆ ಎಂಬುದೂ ಅಷ್ಟೇ ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಕಂಡಿತು, ಸುಮಾರು 98,000 ಮಂದಿ ಸತ್ತರು. ನಮ್ಮ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದು. ಇನ್ನೊಂದು ಲೆಕ್ಕ ಹೇಳುತ್ತೇನೆ. ನಾನು ಮೇಲೆ ಹೇಳಿದ ಅದೇ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರನ್ನು ಜೀವಮಾನದಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡಿದ್ದೀರಾ ಎಂದು ಕೇಳಿದರು. ಹೌದು ಎಂದವರು ನೂರಕ್ಕೆ ಒಬ್ಬರೂ ಇಲ್ಲ, 0.9. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಆರು ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬರುತ್ತಾರೆ, ಹಸುವಿನ ಕಿವಿಗೆ 12 ಅಂಕಿಯ ಓಲೆ ಹಾಕಿ ಕಂಪ್ಯೂಟರಿನಲ್ಲಿ ಬರೆದಿಡುತ್ತಾರೆ. ಕೊಟ್ಟಿಗೆಗೆ ಬಂದವರು ಅಡುಗೆಮನೆಗೆ ಬರಲಿಲ್ಲ.

ಪರೀಕ್ಷೆ ಎಂದರೆ ಬೆಂಗಳೂರಿನ ಕಿದ್ವಾಯಿಗೋ ಮಣಿಪಾಲಕ್ಕೋ ಹೋಗಿ ಯಂತ್ರದ ಮುಂದೆ ನಿಲ್ಲುವುದು ಎಂದು ತಿಳಿಯಬೇಡಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. ಬಡವರ ವಸತಿಗಳ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರು. ಅರ್ಧದಷ್ಟು ಮಂದಿಯನ್ನು ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಅವರು ಡಾಕ್ಟರರಲ್ಲ. ಯಂತ್ರವೂ ಇಲ್ಲ. 2021ರಲ್ಲಿ ಫಲಿತಾಂಶ ಬಂತು. ಪರೀಕ್ಷೆಯಾದವರಲ್ಲಿ ರೋಗ ಇನ್ನೂ ಚಿಕ್ಕದಿರುವಾಗಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು 30ರಷ್ಟು ಇಳಿದಿತ್ತು. 50ಕ್ಕಿಂತ ಚಿಕ್ಕವರಲ್ಲಿ ಸಾವು ಇಳಿಯಲಿಲ್ಲ, ಅದನ್ನೂ ಮುಚ್ಚಿಡದೆ ಹೇಳಬೇಕು. ಹಾಗೆಯೇ, "ಕನ್ನಡಿ ಮುಂದೆ ನಿಂತು ನೀವೇ ನೋಡಿಕೊಳ್ಳಿ" ಎಂದು ಒಂದು ಚೀಟಿ ಹಂಚಿ ಕೈತೊಳೆದುಕೊಳ್ಳುವ ಶಿಬಿರಗಳ ಬಗ್ಗೆ ನನಗೆ ಗೌರವವಿಲ್ಲ. ಚೀನಾದ ಶಾಂಘೈಯಲ್ಲಿ ಸುಮಾರು 2,66,000 ಗಿರಣಿ ಹೆಂಗಸರ ಮೇಲೆ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು, ಸ್ವಂತ ಪರೀಕ್ಷೆ ಕಲಿಸಿದ್ದರಿಂದಷ್ಟೇ ಸಾವು ಕಡಿಮೆಯಾಗಲಿಲ್ಲ. ನಮ್ಮಕ್ಕ ಸ್ವಂತವಾಗಿಯೇ ಕಂಡುಕೊಂಡಿದ್ದಳಲ್ಲ! ಕಂಡದ್ದನ್ನು ಹೇಳಲು ಒಂದು ಕಿವಿ, ನೋಡಲು ಇನ್ನೊಂದು ಕೈ ಬೇಕಿತ್ತು.

ಆ ಕೈ ಕಾಗದದ ಮೇಲೆ ಇದೆ. 30 ದಾಟಿದ ಪ್ರತಿ ಹೆಂಗಸನ್ನೂ ಐದು ವರ್ಷಕ್ಕೊಮ್ಮೆ ಹೀಗೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಬಿಪಿ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಬಾಯಿ ತೆರೆಸಿ ನೋಡುತ್ತಾರೆ. ನಾನು ಕಂಡ ಶಿಬಿರಗಳಲ್ಲಿ ಮೊಲೆಯ ಕಾಲಂ ಬಂದಾಗ "ಏನೂ ತೊಂದ್ರೆ ಇಲ್ವಲ್ಲಮ್ಮ?" ಎಂದು ಕೇಳಿ, ಅವಳು ತಲೆಯಾಡಿಸಿದರೆ ಟಿಕ್ ಹಾಕುತ್ತಾರೆ. ಹಸುವನ್ನು ಹೀಗೆ ಪರೀಕ್ಷಿಸಿ ಹೋದ ಕಾಂಪೌಂಡರನ್ನು ನಮ್ಮ ಊರಿನವರು ಸುಮ್ಮನೆ ಬಿಡುತ್ತಿದ್ದರೇ?

"ಗೊತ್ತಾಗಿ ಏನು ಮಾಡೋದು, ಇಡೀ ಮೊಲೆ ಕೊಯ್ದು ಹಾಕ್ತಾರಂತೆ" ಎನ್ನುತ್ತಾರೆ. ಹಿಂದೆ ಹಾಗೇ ಇತ್ತು. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿಗೆ 1811ರಲ್ಲಿ ಪ್ಯಾರಿಸಿನಲ್ಲಿ ಅರಿವಳಿಕೆಯಿಲ್ಲದೆ ಆಪರೇಷನ್ ಆಯಿತು, ಅದನ್ನು ತಂಗಿಯಂಥವಳಂತೆ ಅಲ್ಲ, ಸಾಕ್ಷಿಯಂತೆ ಕಾಗದದಲ್ಲಿ ಬರೆದಿಟ್ಟು ಮತ್ತೆ ಸುಮಾರು 28 ವರ್ಷ ಬದುಕಿದಳು. ಆಮೇಲೆ ನೂರು ವರ್ಷ ಕಾಲ ಮೊಲೆಯ ಜೊತೆ ಅಡಿಯ ಸ್ನಾಯುವನ್ನೂ ತೆಗೆಯುತ್ತಿದ್ದರು. ಗಂಟು ಚಿಕ್ಕದಿದ್ದಾಗ ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಬದುಕುವ ಅವಕಾಶ ಅಷ್ಟೇ ಎಂದು ಅಮೆರಿಕದಲ್ಲೂ ಇಟಲಿಯಲ್ಲೂ ಇಪ್ಪತ್ತು ವರ್ಷ ಕಾದು ನೋಡಿ 2002ರಲ್ಲಿ ಸಾರಿದ್ದಾರೆ. ಷರತ್ತು ಒಂದೇ, ಬೇಗ ಬರಬೇಕು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ಹರಡುತ್ತದೆ ಎಂಬುದು ಸುಳ್ಳು. ಏಟು ಬಿದ್ದು ಬಂತು, ಬಿಗಿ ಒಳಉಡುಪಿನಿಂದ ಬಂತು ಎಂಬುದಕ್ಕೂ ಆಧಾರವಿಲ್ಲ. ಅಂಟುರೋಗವಂತೂ ಅಲ್ಲವೇ ಅಲ್ಲ. "ಮಕ್ಕಳಿಗೆ ಹಾಲು ಕೊಟ್ಟವಳು, ನನಗೆ ಬರೋದಿಲ್ಲ" ಎಂದು ನಂಬಿ ಕೂರುವುದೂ ಅಪಾಯ. ಒಂದು ವರ್ಷ ಹಾಲೂಡಿದರೆ ಅಪಾಯ ನೂರಕ್ಕೆ ನಾಲ್ಕರಷ್ಟು ತಗ್ಗುತ್ತದೆ, ಅಷ್ಟೇ. ಅಕ್ಕ ಮೂವರಿಗೆ ಹಾಲೂಡಿದ್ದಳು. ಹಾಂ, ಗಂಡಸರಿಗೂ ಬರುತ್ತದೆ, ನೂರರಲ್ಲಿ ಒಂದು. ಬೀದಿನಾಯಿಗಳಿಗೆ ಬರುವುದನ್ನಂತೂ ನೀವೇ ನೋಡಿರುತ್ತೀರಿ. ಜೀವಮಾನವಿಡೀ ಹಾಲು ಕೊಡುವ ಹಸುವಿಗೆ ಮಾತ್ರ ಈ ಕ್ಯಾನ್ಸರ್ ಬಲು ಅಪರೂಪ.

ದುಡ್ಡಿನ ಮಾತು ಕೊನೆಗೆ ಬರುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ, ಕ್ಯಾನ್ಸರೂ ಅದರಲ್ಲಿ ಸೇರಿದೆ. ಹಾಲಿನ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಯಿತು, ಆಮೇಲೆ ಏರಿತು. ಆ ದುಡ್ಡು ಅವಳ ಬೆವರಿನದು. ಅದರಲ್ಲಿ ಶಿವಮೊಗ್ಗದ ಬಸ್ ಚಾರ್ಜು ತೆಗೆಯಲು ಅವಳು ಯಾರನ್ನು ಕೇಳಬೇಕು ಎಂಬುದನ್ನು ಮಾತ್ರ ಯಾವ ಯೋಜನೆಯೂ ಬರೆದಿಲ್ಲ.

ಕಳೆದ ವರ್ಷ ನಾವು ನಾಲ್ವರು ಶಿಕ್ಷಕಿಯರು ಒಂದು ಉಪಕೇಂದ್ರಕ್ಕೆ ಹೋಗಿ, ಹೆಂಗಸರನ್ನು ಏಕೆ ಪರೀಕ್ಷಿಸುತ್ತಿಲ್ಲ ಎಂದು ಅಲ್ಲಿನ ಸಿಸ್ಟರನ್ನು ಕೇಳಿದೆವು. ಆಕೆ ಸಿಟ್ಟಾಗಲಿಲ್ಲ. "ಬನ್ನಿ ಟೀಚರ್" ಎಂದು ಒಳಗೆ ಕರೆದು ಕೋಣೆ ತೋರಿಸಿದರು. ಕಿಟಕಿಗೆ ಗಾಜಿಲ್ಲ, ಹೊರಗೆ ಕಟ್ಟೆಯ ಮೇಲೆ ಗಂಡಸರು ಕೂತಿದ್ದಾರೆ. ಮಂಚವಿದೆ, ಪರದೆಯಿಲ್ಲ. "ಇಲ್ಲಿ ಯಾರು ರವಿಕೆ ಬಿಚ್ಚುತ್ತಾರೆ ಹೇಳಿ?" ಎಂದರು. ಪಂಚಾಯಿತಿಗೆ ಅರ್ಜಿ ಕೊಟ್ಟೆವು. ಸಭೆಯಲ್ಲಿ ಓದುವಾಗ "ಸ್ತನ" ಎಂಬಲ್ಲಿ ಗುಮಾಸ್ತರು ತಡವರಿಸಿ "ಮಹಿಳಾ ಆರೋಗ್ಯ" ಎಂದು ಓದಿದರು. ಅದೇ ಸಭೆಯಲ್ಲಿ ಪಶು ಆಸ್ಪತ್ರೆಯ ಮುಂದೆ ಹಸು ಕಟ್ಟಿ ನಿಲ್ಲಿಸುವ ಕಬ್ಬಿಣದ ಚೌಕಟ್ಟಿಗೆ ಮಂಜೂರಾತಿ ಸಿಕ್ಕಿತು, ನಮ್ಮದು ಮುಂದಿನ ಸಭೆಗೆ ಹೋಯಿತು. ಆರು ಗಜ ದಪ್ಪ ಬಟ್ಟೆ, ಒಂದು ಕಬ್ಬಿಣದ ಸರಳು, ಎರಡು ಗಾಜು, ಬಾಗಿಲಿಗೆ ಒಂದು ಚಿಲಕ. ಶಿರಾಳಕೊಪ್ಪದ ಅಂಗಡಿಯಲ್ಲಿ ದರ ಬರೆಸಿಕೊಂಡು ಅರ್ಜಿಯ ಹಿಂದೆ ಪಿನ್ನು ಹಾಕಿದ್ದೇವೆ.